ಉಳಿಕೆ ಸಾಲಿನಲ್ಲಿ ಒಂದು ಕರಿಬೇವಿನ ಗಿಡ

ಬರೆದ ದಿನ: ಎರಡು ಸಾವಿರದ ನೂರ ಅರವತ್ತೆಂಟನೇ ಇಸವಿ, ಬಿರುತಿಂಗಳು ಮೂವತ್ತಾರು, ಸೋಮವಾರ.
ಬರೆದ ಜಾಗ: ಕೊರಟಗೆರೆ ಸೀಮೆ, ಏಳನೇ ಕ್ವಾರಿ, ಮೇಲ್ದಂಡೆಯ ನೆರಳುಮನೆ.

ಹನುಮಂತರಾಯಪ್ಪನವರ ಮಗಳು ತೇಜಾವತಿಗೆ ಗಂಗಹನುಮಕ್ಕನ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾವಳೋ ತಲೆಕೆಟ್ಟವಳು ಬರೆದಿದ್ದಾಳೆ ಅಂದುಕೊಂಡು ಕಾಗದ ಹರಿಯಬೇಡ ತಾಯಿ. ನಿಮ್ಮ ಕಾಲಕ್ಕೆ ವರ್ಷಕ್ಕೆ ಹನ್ನೆರಡೇ ತಿಂಗಳಂತೆ. ನಮ್ಮ ಕಾಲದ ಬೇಸಿಗೆ ಕೆಸರಿಗೆ ಬಿದ್ದ ಎಮ್ಮೆಯ ಹಾಗೆ, ಎಬ್ಬಿಸಿದರೂ ಏಳುವುದಿಲ್ಲ. ಅದಕ್ಕೇ ವೈಶಾಖ ಮುಗಿದ ಮೇಲೆ ಇನ್ನೊಂದು ತಿಂಗಳು ತುರುಕಿ ಬಿರುತಿಂಗಳು ಅಂತ ಹೆಸರಿಟ್ಟರು. ಅದಕ್ಕೆ ಮೂವತ್ತು ದಿನ ಅಂತ ಕಟ್ಟಿಲ್ಲ, ಮೊದಲ ಮಳೆ ಬೀಳುವ ತನಕ ಎಣಿಸುತ್ತಾ ಹೋಗುವುದು. ಹೋದ ವರ್ಷ ಐವತ್ತೊಂದಕ್ಕೆ ನಿಂತಿತು. ಹೀಗೆ ನಾನು ಬರೆಯುವುದರಲ್ಲಿ ನಿನಗೆ ತಿಳಿಯದ ಮಾತು ನಾಲ್ಕಾರು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಊರ ಇಸ್ಕೂಲಿನಲ್ಲಿ ಓದಿದ್ದು ನಾಲ್ಕು ವರ್ಷ, ಅದರಲ್ಲೂ ಎರಡು ವರ್ಷ ಮೇಷ್ಟ್ರ ಮನೆಗೆ ನೀರು ಹೊತ್ತದ್ದೇ ಆಯಿತು. ಮಾತು ಒರಟಾಗಿ ಕಂಡರೆ ತಪ್ಪು ನನ್ನದು. ಮಾತು ನಿಜವಾಗಿದ್ದು ಚುಚ್ಚಿದರೆ ಅದು ನನ್ನ ತಪ್ಪಲ್ಲ.

ನೀನು ನೂರ ನಲವತ್ತು ವರ್ಷ ಹಿಂದಿನ ಕಾಲದವಳು, ನ್ಯಾಯವಾಗಿ ನಾನು ತಾವು ಅನ್ನಬೇಕು. ಆದರೆ ನಮ್ಮಲ್ಲಿ ಉಳಿದಿರುವ ನಿನ್ನದೊಂದು ಪತ್ರದಲ್ಲಿ ವಯಸ್ಸು ಇಪ್ಪತ್ತೊಂಬತ್ತು ಅಂತಿದೆ. ಇಪ್ಪತ್ತೊಂಬತ್ತರವಳಿಗೆ ತಾವು ಅನ್ನಲು ನನ್ನ ಹಲ್ಲು ಒಪ್ಪುವುದಿಲ್ಲ, ಇರುವುದೇ ಆರು. ನೀನು ಅಂತಲೇ ಬರೆಯುತ್ತೇನೆ.

ಈ ಕಾಗದ ನಿನ್ನಲ್ಲಿಗೆ ಬರುವುದು ಹಿಂದಂಚೆಯಲ್ಲಿ. ಹಿಂದಂಚೆ ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ನಮ್ಮ ಅಂಚೆಮನೆಯಲ್ಲಿ ಅದಕ್ಕೊಂದು ನೀಲಿ ಕಿಂಡಿ ಇದೆ. ಕೈಬರಹವೇ ಆಗಬೇಕು, ಎಂಟು ಹಾಳೆ ದಾಟಬಾರದು, ಬರೆದವರಿಗೆ ಎಪ್ಪತ್ತೈದು ತುಂಬಿರಬೇಕು. ಇಲ್ಲಿಯವರೆಗೆ ಯಾರಿಗೂ ಒಂದು ಉತ್ತರ ಬಂದದ್ದಿಲ್ಲ, ಆದರೂ ಸ್ಟಾಂಪು ಮಾರುವುದನ್ನು ಮಾತ್ರ ನಿಲ್ಲಿಸಿಲ್ಲ. ಯಾವತ್ತಾದರೂ ಒಂದಾದರೂ ತಲುಪಿದ್ದುಂಟೇನಪ್ಪ ಅಂತ ಕಿಂಡಿಯವನನ್ನು ಕೇಳಿದೆ. "ತಲುಪಿದ್ರೆ ಈಗಿರೋದು ಹಿಂಗಿರ್ತಿತ್ತಾ ಅಜ್ಜೀ" ಅಂದ. ಬುದ್ಧಿವಂತ, ಅದಕ್ಕೇ ಕಿಂಡಿಯ ಆ ಕಡೆ ಕೂತಿದ್ದಾನೆ.

ನೀನು ನನಗೆ ನೆಂಟಳಲ್ಲ, ಬಂಧುವಲ್ಲ. ನಿನಗ್ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ನೋಂದಣಿಮನೆಯ ಗೋಡೆಯಲ್ಲಿ ಗಾಜಿನೊಳಗೆ ನಿನ್ನ ಆ ಪತ್ರವನ್ನು ದೇವರ ಪಟದ ಹಾಗೆ ತೂಗುಹಾಕಿದ್ದಾರೆ. ನಿನ್ನ ಜೊತೆಗಾರ ಮನೆ ಕೊಳ್ಳುವಾಗ ನೀನು ದುಡಿದ ದುಡ್ಡು ಕೊಟ್ಟಿದ್ದೀಯ. ಮಿಕ್ಕದ್ದಕ್ಕೆ ಅವನಿಗೆ ಸಾಲ ಕೊಟ್ಟ ಬ್ಯಾಂಕಿನವರು ನಿನ್ನ ಕೈಯಲ್ಲಿ ಬರೆಸಿಕೊಂಡಿದ್ದಾರೆ. ಇದು ಸಾಲವಲ್ಲ, ಉಡುಗೊರೆ. ವಾಪಸ್ಸು ಕೇಳುವುದಿಲ್ಲ. ಮನೆಯಲ್ಲಿ ನನಗೆ ಪಾಲಿಲ್ಲ, ಹಕ್ಕಿಲ್ಲ. ನಾಳೆ ಅವನು ಕಂತು ಕಟ್ಟದೆ ಮನೆ ಹರಾಜಿಗೆ ಬಂದರೆ ನಡುವೆ ಇನ್ನೊಬ್ಬಳು ಸೆರಗು ಕಟ್ಟಿ ನಿಲ್ಲಬಾರದು ಅಂತ ಅವರ ಭಯ. ಭಯ ಪಡಲಿ, ಅವರ ದುಡ್ಡು. ಅದಕ್ಕೆ ನಾನು ಅವರನ್ನು ಬೈಯುವುದಿಲ್ಲ. ಆದರೆ ಅವರು ಆ ಕಾಗದದ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದರು ಕಣಮ್ಮ. ಇತರೆ ಷರತ್ತುಗಳೇನಾದರೂ ಇದ್ದಲ್ಲಿ, ಅಂತ ಅಚ್ಚಾಗಿ, ಮುಂದೆ ಜಾಗ. ಆ ಜಾಗದ ಮೇಲೆ ನೀನು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಒಂದು ಅಡ್ಡಗೆರೆ ಎಳೆದಿದ್ದೀಯ.

ಯಾಕೆ ಎಳೆದೆ ಅಂತ ನನಗೆ ಗೊತ್ತು. ನಿಮ್ಮಪ್ಪ ಕಲಿಸಿರುತ್ತಾನೆ. ಸಹಿ ಹಾಕುವ ಕಾಗದದಲ್ಲಿ ಖಾಲಿ ಜಾಗ ಬಿಡಬೇಡ, ಆಮೇಲೆ ಯಾವನಾದರೂ ಏನಾದರೂ ತುಂಬಿಯಾನು, ಗೆರೆ ಎಳೆದುಬಿಡು ಅಂತ. ನಮ್ಮಪ್ಪನೂ ನನಗೆ ಅದನ್ನೇ ಕಲಿಸಿದ್ದು. ಜಾಣತನವೇ ಅದು. ಕಳ್ಳ ನುಗ್ಗದಿರಲಿ ಅಂತ ನಿನ್ನ ಬಾಗಿಲಿಗೆ ನೀನೇ ಮೊಳೆ ಹೊಡೆದುಕೊಂಡೆ. ಅಲ್ಲಿ ಏನಾದರೂ ಬರೆಯಬಹುದಿತ್ತು ಅನ್ನುವುದು ನಿನಗೆ ಹೊಳೆಯಲಿಲ್ಲ. ನಿನ್ನ ಪಕ್ಕದಲ್ಲಿ ನಿಂತವನಿಗೂ ಹೊಳೆಯಲಿಲ್ಲ, ಅವನಿಗ್ಯಾಕೆ ಹೊಳೆದೀತು.

ಆಮೇಲಾದದ್ದು ಕೇಳು. ನನ್ನ ಅಜ್ಜಿಯ ಕಾಲದಲ್ಲಿ ಬಿಸಿಲ ಬೆಂಕಿಗೆ ದಫ್ತರಗಳೆಲ್ಲ ಸುಟ್ಟು, ಹಳೆಯ ಪತ್ರಗಳಲ್ಲಿ ಉಳಿದದ್ದು ಕೈಬೆರಳೆಣಿಕೆಯಷ್ಟು. ಉಡುಗೊರೆ ಪತ್ರ ಅಂತ ಉಳಿದದ್ದು ನಿನ್ನದೊಂದೇ. ಹೊಸ ಕಾಯಿದೆ ಬರೆಯಲು ಕೂತ ದೊಡ್ಡವರು ಅದನ್ನೇ ಮಾದರಿ ಇಟ್ಟುಕೊಂಡರು. ಗೆರೆಯೂ ಪತ್ರದ ಒಂದು ಭಾಗವೇ, ಹಿಂದಿನವರು ಸುಮ್ಮನೆ ಎಳೆಯುತ್ತಿದ್ದರೇ ಅಂದರು. ಖಾಲಿ ಸಾಲಿಗೆ ಉಳಿಕೆ ಅಂತ ಹೆಸರಾಯಿತು. ಕೊಟ್ಟವಳು ತನಗೆ ಅಂತ ಉಳಿಸಿಕೊಳ್ಳುವುದೇನಾದರೂ ಇದ್ದರೆ ಬರೆಯುವ ಜಾಗ ಅದು, ಕಾನೂನಿನ ಪ್ರಕಾರ ಈಗಲೂ ಅದೇ. ಆದರೆ ನೂರರಲ್ಲಿ ತೊಂಬತ್ತೊಂಬತ್ತು ಜನ ಗೆರೆ ಎಳೆಯುತ್ತಾರೆ. ಗೆರೆ ಎಳೆಯುವುದೇ ಪ್ರೀತಿಯ ಗುರುತಾಗಿ ಹೋಯಿತು. ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಸ್ಲೇಟಿನಲ್ಲಿ ಅಭ್ಯಾಸ ಮಾಡುತ್ತಾರೆ. ಗಂಡಿನ ಕಡೆಯ ಅತ್ತೆ, ಚಿಕ್ಕಮ್ಮಂದಿರು ಹೊಸ ಸೀರೆ ಉಟ್ಟು ಬಂದು ಕತ್ತು ಚಾಚಿ ನೋಡುತ್ತಾರೆ. ಗೆರೆ ನೆಟ್ಟಗಿದ್ದರೆ ಹುಡುಗಿಯ ಮನಸ್ಸು ನೆಟ್ಟಗೆ, ನಡುಗಿದ್ದರೆ ಒಳಗೇನೋ ಇದೆ. ನಮ್ಮ ಕ್ವಾರಿಯಲ್ಲೇ ಒಬ್ಬಳು ನಡುವೆ ಪೆನ್ನು ಎತ್ತಿದಳು ಅಂತ ಜೊತೆದಾರನ ತಾಯಿ ಮೂರು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದಳು. ಈಚೆಗೆ ನೋಂದಣಿಯವರು ಎಲ್ಲರಿಗೂ ಅನುಕೂಲವಾಗಲಿ ಅಂತ ಫಾರಮ್ಮಿನಲ್ಲೇ ಆ ಗೆರೆಯನ್ನು ಚುಕ್ಕಿಚುಕ್ಕಿಯಾಗಿ ಅಚ್ಚು ಹಾಕಿಸಿದ್ದಾರೆ. ಪೆನ್ನು ಅದರ ಮೇಲೆ ಓಡಿಸಿದರಾಯಿತು. ರಂಗೋಲಿ ಕಲಿಯುವ ಮಗುವಿನ ಕೈ ಹಿಡಿದು ನಡೆಸಿದ ಹಾಗೆ ನಿನ್ನ ಗೆರೆ ನಮ್ಮನ್ನೆಲ್ಲ ನಡೆಸುತ್ತಿದೆ ತಾಯಿ.

ನನ್ನ ಕತೆಗೆ ಬರುತ್ತೇನೆ. ನಾವಿರುವುದು ಕ್ವಾರಿಮನೆಗಳಲ್ಲಿ. ನೀವು ನಿಮ್ಮ ಮನೆಗಳ ನೆಲಕ್ಕೆ, ಅಡಿಗೆಕಟ್ಟೆಗೆ ಅಂತ ಬಂಡೆ ಸೀಳಿ ಸೀಳಿ ಗುಂಡಿ ಬಿಟ್ಟು ಹೋದಿರಲ್ಲ, ಆ ಗುಂಡಿಗಳ ಗೋಡೆಯಲ್ಲೇ ನಾವು ಗೂಡು ಕೊರೆದುಕೊಂಡಿದ್ದೇವೆ. ಮೇಲಿನ ನೆಲದಲ್ಲಿ ಹಗಲು ಹೊತ್ತು ಮನುಷ್ಯ ಇರಲಾಗುವುದಿಲ್ಲ. ಮನೆಗೆ ಬಾಗಿಲು ಒಂದೇ. ಬಾಗಿಲು ದಾಟಿದರೆ ನಡುಮನೆ, ಆಮೇಲೆ ಅಡಿಗೆಮನೆ, ಅದರ ಹಿಂದೆ ಬೆಳಕುಬಾವಿ. ಬೆಳಕುಬಾವಿ ಅಂದರೆ ಬಂಡೆಯಲ್ಲಿ ಮೇಲಿನ ತನಕ ಕೊರೆದ ತೂತು, ಅಲ್ಲಿ ಒಂದು ಚಾಪೆಯಷ್ಟು ಬಿಸಿಲು ಬೀಳುತ್ತದೆ. ಬಟ್ಟೆ ಒಣಗುವುದು, ಗಿಡ ಬೆಳೆಯುವುದು ಎಲ್ಲ ಅಲ್ಲೇ.

ನನ್ನ ಮೊದಲ ಗಂಡ ಬಿಸಿಲು ಬಡಿದು ಹೋದಾಗ ನನಗೆ ಮೂವತ್ತೊಂದು, ಕೈಯಲ್ಲೊಂದು ಹೆಣ್ಣುಮಗು. ಅವನು ಬಿಟ್ಟು ಹೋದದ್ದು ಸಂತೆಮಾಳದ ಹುಣಸೆಮರದಲ್ಲಿ ಕಾಲುಭಾಗ ನೆರಳು. ನಿನಗೆ ನಗು ಬರಬಹುದು. ನಮ್ಮಲ್ಲಿ ನೆರಳಿಗೆ ಪಾಲಿದೆ, ಪಹಣಿ ಇದೆ. ಆ ಕಾಲುಭಾಗದಲ್ಲಿ ಹನ್ನೊಂದು ವರ್ಷ ಮುದ್ದೆ ಬಸ್ಸಾರು ಮಾರಿ ಮಗಳನ್ನು ಸಾಕಿದೆ. ಅಲ್ಲಿಗೆ ಊಟಕ್ಕೆ ಬರುತ್ತಿದ್ದವನು ಮೂಡಲಗಿರಿಯಪ್ಪ, ಕ್ವಾರಿಯ ನೀರಿನ ಪಂಪು ರಿಪೇರಿ ಮಾಡುವವನು. ಮುದ್ದೆ ಮುರಿಯುವ ಮೊದಲು ಒಂದು ಸಲ ನನ್ನ ಮುಖ ನೋಡುತ್ತಿದ್ದ, ಎರಡನೇ ಮುದ್ದೆಗೆ ಇನ್ನೊಂದು ಸಲ. ಹೀಗೆ ನೋಡಿ ನೋಡಿ ಇಬ್ಬರೂ ಜೊತೆಚೀಟಿ ಮಾಡಿಸಿದೆವು. ನಮ್ಮ ಕಾಲಕ್ಕೆ ಮದುವೆ ಅನ್ನುವುದು ಇದ್ದವರ ಚಾಳಿ, ನಮ್ಮಂಥವರಿಗೆ ಜೊತೆಚೀಟಿ. ಅದು ಇಬ್ಬರು ಒಟ್ಟಿಗಿದ್ದಾರೆ ಅಂತ ಹೇಳುತ್ತದೆ, ಎಲ್ಲಿರುತ್ತಾರೆ ಅಂತ ಹೇಳುವುದಿಲ್ಲ.

ಆಗ ಏಳನೇ ಕ್ವಾರಿಯ ಹದಿನಾಲ್ಕನೇ ಮನೆ ಮಾರಾಟಕ್ಕೆ ಬಂತು. ಒಂದು ಬಾಗಿಲಿಗೆ ಒಂದೇ ಹೆಸರು ಅನ್ನುವುದು ಕ್ವಾರಿಯ ಕಟ್ಟಳೆ. ಸಾಲ ಸಿಗುವುದು ಪಂಪಿನ ಕೆಲಸದವನಿಗೆ, ಮುದ್ದೆ ಮಾರುವವಳಿಗಲ್ಲ. ಹಾಗಾಗಿ ಹೆಸರು ಅವನದು. ಮುಂಗಡಕ್ಕೆ ಅವನ ಕೈ ಖಾಲಿ. ನಾನು ನನ್ನ ಹುಣಸೆ ನೆರಳು ಮಾರಿದೆ.

ಕೊಡುವುದು ಅಷ್ಟು ಸುಲಭವಲ್ಲ ಕಣಮ್ಮ. ಕದಿಯುವುದಕ್ಕಾದರೆ ಒಂದು ಕೈ ಸಾಕು, ಕೊಡುವುದಕ್ಕೆ ಏಳು ಕಿಟಕಿ ಸುತ್ತಬೇಕು. ಮೊದಲು ಹಣದ ಹುಟ್ಟುಪತ್ರ, ಈ ದುಡ್ಡು ಎಲ್ಲಿ ಹುಟ್ಟಿತು ಅಂತ. ಹುಣಸೆಮರದಲ್ಲಿ ಅಂದೆ. ಗುಮಾಸ್ತ ಮುಖ ಎತ್ತಿ ನೋಡಿ, ತಮಾಷೆ ಬೇಡ ಅಮ್ಮ ಅಂದ. ನೆರಳಿನ ಪಹಣಿ ತೋರಿಸಿದ ಮೇಲೆ ಅದನ್ನೇ ಬರೆದುಕೊಂಡ. ಆಮೇಲೆ ಒಬ್ಬ ವಕೀಲಮ್ಮ ನನ್ನೊಬ್ಬಳನ್ನೇ ಒಳಗೆ ಕೂರಿಸಿ ಬಾಗಿಲು ಹಾಕಿದಳು. ಯಾರಾದರೂ ಬಲವಂತ ಮಾಡಿದ್ದಾರಾ ಅಂತ ಮೂರು ಸಲ ಕೇಳಬೇಕು, ಕಾನೂನು. ಕೇಳಿದಳು. ಇಲ್ಲ ಅಂದೆ. ಬಲವಂತ ಮಾಡಿದ್ದರೆ ಚೆನ್ನಾಗಿತ್ತು, ಬಲವಂತಕ್ಕೆ ಶಿಕ್ಷೆ ಇದೆ. ಮುದ್ದೆ ಮುರಿಯುವ ಮೊದಲು ಮುಖ ನೋಡಿದವನಿಗೆ ಯಾವ ಕಾನೂನು ಏನು ಮಾಡೀತು. ಆಮೇಲೆ ನೋಂದಣಿ ಸಾಹೇಬರ ಮುಂದೆ ನಿಂತು ನನ್ನ ಬಾಯಿಂದಲೇ ಓದಬೇಕು. ಇದು ಉಡುಗೊರೆ. ಜೊತೆ ಮುರಿದರೂ ಕೇಳುವುದಿಲ್ಲ, ಅವನು ಮನೆ ಮಾರಿದರೂ ಕೇಳುವುದಿಲ್ಲ, ಅವನು ಸತ್ತರೂ ಕೇಳುವುದಿಲ್ಲ. ನಾನು ಆ ಮನೆಯಲ್ಲಿ ಇದ್ದರೆ ಮನೆಯವರ ದಯದಿಂದ ಇದ್ದೇನೆ. ನಾಲ್ಕು ವರ್ಷದ ಇಸ್ಕೂಲು ಅವತ್ತು ಕೆಲಸಕ್ಕೆ ಬಂತು, ತಡವರಿಸದೆ ಓದಿದೆ. ಮೂಡಲಗಿರಿಗೆ ಹೆಮ್ಮೆಯಾಯಿತು.

ಕೊನೆಗೆ ಉಳಿಕೆ ಸಾಲು. ಗೆರೆ ಎಳೀರಿ ಅಮ್ಮ, ಹಿಂದೆ ಜನ ಇದಾರೆ ಅಂದರು ಸಾಹೇಬರು. ಪೆನ್ನು ಇಟ್ಟೆ. ಆಗ ನನ್ನ ಗಿಡ ನೆನಪಾಯಿತು. ನನ್ನ ತಾಯಿ ತೀರಿಕೊಳ್ಳುವ ವರ್ಷ ತನ್ನ ಕರಿಬೇವಿನ ಬುಡದಿಂದ ಒಂದು ಮರಿ ಕಿತ್ತು ಎಣ್ಣೆ ಡಬ್ಬಿಗೆ ಮಣ್ಣು ತುಂಬಿ ನೆಟ್ಟುಕೊಟ್ಟಿದ್ದಳು. ನೆರಳು ಹೋಯಿತು, ಅದರ ದುಡ್ಡೂ ಹೋಯಿತು, ಗಿಡವನ್ನೂ ಕೊಟ್ಟುಬಿಟ್ಟಳು ಅಂತ ಅವಳು ಇದ್ದಲ್ಲಿಂದಲೇ ಬೈದಾಳು ಅನ್ನಿಸಿತು. ಗೆರೆ ಎಳೆಯುವ ಬದಲು, ನನ್ನ ಕರಿಬೇವಿನ ಗಿಡ, ಅಂತ ಬರೆದೆ. ನೋಂದಣಿಮನೆ ಪೂರ್ತಿ ನಕ್ಕಿತು. "ಅಲ್ಲಾ ಗಂಗೂ, ಕೇಳೋದು ಕೇಳ್ದೆ, ಒಗ್ಗರಣೆಗೇ ನಿಂತ್ಕಂಡ್ಯಲ್ಲ" ಅಂತ ಮೂಡಲಗಿರಿಯೂ ನಕ್ಕ. ನಾನೂ ನಕ್ಕೆ. ಸಾಹೇಬರೊಬ್ಬರೇ ನಗಲಿಲ್ಲ. ಉಳಿಸಿಕೊಂಡ ವಸ್ತುವಿಗೆ ದಾರಿ ಇರಬೇಕು ಅನ್ನುವುದು ನಿಯಮ ಅಂತ, ಅದರ ಮುಂದೆ ಕೆಂಪು ಶಾಯಿಯಲ್ಲಿ, ಗಿಡಕ್ಕೆ ಹೋಗಿಬರುವ ದಾರಿ ಸಮೇತ, ಅಂತ ಬರೆದು ಮೊಹರು ಒತ್ತಿದರು. ಆಮೇಲೆ ಧಾರೆ. ತಂಬಿಗೆಯ ನೀರು ನನ್ನ ಅಂಗೈ ಮೇಲಿಂದ ಅವನ ಅಂಗೈಗೆ ಬಿತ್ತು, ಕೊಟ್ಟದ್ದು ಮುಗಿಯಿತು. ಹೆಣ್ಣನ್ನು ಕೊಡುವುದಕ್ಕೆ ಧಾರೆ ಎರೆಯುತ್ತಿದ್ದರಂತೆ ಹಿಂದೆ. ಈಗ ಹೆಣ್ಣೇ ಎರೆಯುತ್ತಾಳೆ. ಮುಂದುವರಿದಿದ್ದೇವೆ.

ಮೂಡಲಗಿರಿ ಕೆಟ್ಟವನಲ್ಲ. ಇದನ್ನು ಎರಡು ಸಲ ಓದು. ಕೆಟ್ಟವನಾಗಿದ್ದರೆ ಈ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲ, ಕೆಟ್ಟವನ ಹತ್ತಿರ ಹೆಣ್ಣು ಹುಷಾರಾಗಿರುತ್ತಾಳೆ. ವರ್ಷಕ್ಕೊಂದು ಸಲ, ಯುಗಾದಿ ಕಳೆದ ವಾರ, ಇರವುಚೀಟಿ ಆಗಬೇಕಿತ್ತು. ಮನೆಯಲ್ಲಿ ಹೆಸರಿಲ್ಲದವರು ಇರುವುದಕ್ಕೆ ಹೆಸರಿದ್ದವರು ಕೊಡುವ ಚೀಟಿ. ಮೂವತ್ತೈದು ವರ್ಷ ಒಂದು ಸಲವೂ ತಪ್ಪಿಸದೆ ಸಹಿ ಹಾಕಿದ. ಆದರೆ ಪ್ರತಿ ಸಲವೂ ಪೆನ್ನು ಗಾಳಿಯಲ್ಲಿ ಹಿಡಿದು, ಹಾಕ್ಲಾ ಬೇಡ್ವಾ ಅನ್ನುತ್ತಿದ್ದ. ತಮಾಷೆಗೆ. ಅವನಿಗೆ ಅದು ತಮಾಷೆಯಾಗಿತ್ತು. ನಾನು ಮೂವತ್ತೈದು ಸಲ ನಕ್ಕಿದ್ದೇನೆ. ಮಗಳು ಉಪ್ಪಿನ ಕೆಲಸಕ್ಕೆ ಕರಾವಳಿಗೆ ಹೋದವಳು ಜ್ವರದಲ್ಲಿ ತೀರಿಕೊಂಡಳು, ಅವಳ ಮಗಳು ಬೆಳ್ಳಿಯನ್ನು ಮೂರು ವರ್ಷದವಳಿದ್ದಾಗ ತಂದು ಸಾಕಿದೆ. ಅವಳಿಗೂ ಚೀಟಿ. ಪಕ್ಕದ ಮನೆ ಮಕ್ಕಳು ಯುಗಾದಿಗೆ ಹೊಸ ಬಟ್ಟೆ ಬಂತಾ ಅಂತ ಕೇಳಿದರೆ, ಇವಳು ಅಡಿಗೆಮನೆಗೆ ಬಂದು ನನ್ನ ಕಿವಿಯಲ್ಲಿ, ತಾತ ಸಹಿ ಹಾಕಿದ್ರಾ ಅಂತ ಕೇಳುತ್ತಿತ್ತು. ಆರು ವರ್ಷದ ಮಗು. ಒಂದು ಸಲ ನಾನು ಮೂಡಲಗಿರಿಗೆ ಹೇಳಿದೆ, ಸಾಯೋತನಕ ಇರಲಿ ಅಂತ ಒಂದೇ ಸಲ ಬರೆದುಬಿಡಬಾರದಾ ಅಂತ. ಅವನಿಗೆ ನಿಜವಾಗಿಯೂ ನೋವಾಯಿತು. "ನಾನೇನು ನಿನ್ನ ಓಡಿಸ್ತೀನಾ" ಅಂದ. ಓಡಿಸಲಿಲ್ಲ. ಹೋದ ವರ್ಷ ಯುಗಾದಿಗೆ ಹದಿನೈದು ದಿನ ಇದೆ ಅನ್ನುವಾಗ ಪಂಪಿನ ಪಕ್ಕ ಕೂತಲ್ಲೇ ಹೋಗಿಬಿಟ್ಟ.

ಮನೆ ಅವನ ತಮ್ಮನ ಮಗಳು ದಮಯಂತಿಗೆ ಬಂತು. ಅವಳ ಬಾಯಿ ಬೆಲ್ಲ. "ಅಜ್ಜೀ, ಬೇಜಾರ್ ಮಾಡ್ಕೋಬೇಡಿ, ಈ ವರ್ಷ ಚೀಟಿ ಆಗಲ್ಲ. ಮಕ್ಕಳಿಗೆ ಓದೋಕ್ಕೆ ಜಾಗ ಬೇಕಲ್ವಾ" ಅಂದಳು. ಬೇಕು, ಮಕ್ಕಳು ಓದಬೇಕು, ಓದಿ ಇಂಥ ಫಾರಮ್ಮು ಅಚ್ಚು ಹಾಕಬೇಕು. ಒಂದು ಪೆಟ್ಟಿಗೆ, ಎರಡು ಪಾತ್ರೆ, ಒಂದು ಚಾಪೆ ಹೊತ್ತು ನೂರ ಹನ್ನೆರಡು ಮೆಟ್ಟಿಲು ಹತ್ತಿ ಬಂದೆ. ಈಗ ನಾನಿರುವುದು ಕ್ವಾರಿಯ ಬಾಯಲ್ಲಿ, ತಗಡಿನ ಜೋಪಡಿಯಲ್ಲಿ. ಹಗಲು ತಗಡು ಕಾದ ಹೆಂಚಾಗುತ್ತದೆ, ಆಗ ಈ ನೆರಳುಮನೆಗೆ ಬಂದು ಬಿದ್ದುಕೊಳ್ಳುತ್ತೇನೆ. ನೆರಳುಮನೆ ಅಂದರೆ ಮನೆ ಇಲ್ಲದವರಿಗೆ ಸರ್ಕಾರ ಕಟ್ಟಿಸಿದ ನೆರಳು. ಒಂದು ಕಾಲಕ್ಕೆ ಕಾಲು ಹುಣಸೆಮರ ನನ್ನದಿತ್ತು. ಬೆಳ್ಳಿ ಒಂಬತ್ತನೇ ಕ್ವಾರಿಯ ಹೊಲಿಗೆಶಾಲೆಯಲ್ಲಿ ಮಲಗುತ್ತಾಳೆ, ಅಲ್ಲಿ ಕೆಲಸದವರಿಗೆ ಮಾತ್ರ ಜಾಗ.

ಮೆಟ್ಟಿಲು ಹತ್ತಿ ಬಂದ ಎಂಟನೇ ದಿನ ನನಗೆ ಕೆಂಪು ಶಾಯಿ ನೆನಪಾಯಿತು. ನೋಂದಣಿಮನೆಗೆ ಹೋಗಿ ನಕಲು ತೆಗೆಸಿಕೊಂಡು, ಸರಿಯಾಗಿ ಊಟದ ಹೊತ್ತಿಗೆ ಹದಿನಾಲ್ಕನೇ ಮನೆಯ ಬಾಗಿಲು ಬಡಿದೆ. ಗಿಡಕ್ಕೆ ಬಂದೆ ಅಂದೆ. ದಮಯಂತಿಯ ಗಂಡ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬಾಗಿಲು ಒಂದೇ, ದಾರಿ ಒಂದೇ. ನಡುಮನೆಯಲ್ಲಿ ತಟ್ಟೆಗಳ ನಡುವೆ ಕೋಲು ಊರಿಕೊಂಡು ನಡೆದು, ಅಡಿಗೆಮನೆ ದಾಟಿ, ಬೆಳಕುಬಾವಿಯಲ್ಲಿ ಡಬ್ಬಿ ಒಡೆದು ನೆಲಕ್ಕೆ ಬೇರಿಳಿಸಿದ್ದ ಗಿಡದಿಂದ ಎರಡು ಎಸಳು ಕಿತ್ತುಕೊಂಡು, ಬಂದ ದಾರಿಯಲ್ಲೇ ವಾಪಸ್ಸು ಬಂದೆ. ಅವತ್ತಿನಿಂದ ದಿನಾ ಹೋಗುತ್ತೇನೆ, ಒಂದು ವರ್ಷವಾಯಿತು. ಹಬ್ಬವಾಗಲಿ, ನೆಂಟರಿರಲಿ, ಆ ಮನೆಯವರು ತುತ್ತು ಎತ್ತುವಾಗ ನನ್ನ ಕೋಲಿನ ಸದ್ದು ಕೇಳಲೇಬೇಕು. "ನಾನೇ ಕಿತ್ತು ಕಳಿಸ್ತೀನಿ ಅಜ್ಜೀ, ಈ ವಯಸ್ಸಿಗೆ ನಿಮಗ್ಯಾಕೆ ಅಷ್ಟು ಮೆಟ್ಟಿಲು" ಅಂತ ದಮಯಂತಿ ಒಂದು ದಿನ ಕೇಳಿಕೊಂಡಳು. ಸೊಪ್ಪು ಸಂತೆಯಲ್ಲೂ ಸಿಗುತ್ತೆ ಕಣಮ್ಮ, ನನಗೆ ಬೇಕಾಗಿರೋದು ದಾರಿ ಅಂದೆ. ಇದರಲ್ಲಿ ನನಗೆ ಸುಖವಿದೆ ಅಂತ ತಿಳಿಯಬೇಡ. ಮೊದಲ ಒಂದು ತಿಂಗಳು ಇತ್ತು. ಈಗ ಅವಳ ಚಿಕ್ಕ ಮಗ ನಾನು ಹೋದರೆ ತಟ್ಟೆ ಹಿಡಿದು ಗೋಡೆಗೆ ಒತ್ತಿಕೊಳ್ಳುತ್ತಾನೆ. ಬೆಳ್ಳಿ ಆ ವಯಸ್ಸಿನಲ್ಲಿ ಹಾಗೇ ಗೋಡೆಗೆ ಒತ್ತಿಕೊಂಡು ಚೀಟಿಯ ವಿಷಯ ಕೇಳುತ್ತಿದ್ದಳು.

ಅದೂ ಎಷ್ಟು ದಿನವೋ. ಗಿಡದ ಹಳೆಯ ಕಾಂಡ ಒಣಗುತ್ತಿದೆ. ಬುಡದಲ್ಲಿ ಬಿಸಿಗಂಜಿ ಸುರಿದ ಗುರುತು ಕಂಡೆ, ಯಾರು ಅಂತ ನಾನು ನೋಡಿಲ್ಲ, ನೋಡದ್ದನ್ನು ಬರೆಯುವುದಿಲ್ಲ. ಬೇರಿನಿಂದ ಎರಡು ಮರಿ ಎದ್ದಿವೆ. ಪತ್ರದಲ್ಲಿ ಇರೋದು ಒಂದು ಗಿಡ, ಅದು ಸತ್ತರೆ ದಾರಿಯೂ ಸತ್ತಿತು, ಮರಿಗಳು ಹೊಸ ಗಿಡ, ಅವು ಮನೆಯವರದ್ದು ಅಂತ ಅವರ ವಕೀಲ ಹೇಳುತ್ತಾನೆ. ಒಂದೇ ಬೇರು ಸ್ವಾಮಿ, ನಿಮ್ಮ ತಾಯಿ ಸತ್ತ ದಿನ ನೀವೂ ಸತ್ತಿರಾ ಅಂತ ನಾನು ಕೇಳಿದ್ದೇನೆ. ತೀರ್ಪು ಬರಬೇಕು.

ಇದೆಲ್ಲ ನನ್ನ ಗೋಳು, ಇದಕ್ಕಾಗಿ ನಾನು ಸ್ಟಾಂಪು ಕೊಳ್ಳುತ್ತಿರಲಿಲ್ಲ. ಬರುವ ಗುರುವಾರ ಬೆಳ್ಳಿಯ ಸರದಿ. ಅವಳಿಗೆ ಈಗ ಇಪ್ಪತ್ತಾರು. ಎಂಟು ವರ್ಷದಿಂದ ನೆರಳುಬಟ್ಟೆ ಹೊಲಿಯುತ್ತಿದ್ದಾಳೆ, ಬೀದಿಗಳ ಮೇಲೆ ಹಾಸುವ ದೊಡ್ಡ ಬಟ್ಟೆ, ಬೆರಳ ತುದಿಯೆಲ್ಲ ಜರಡಿಯಾಗಿದೆ. ಆ ದುಡ್ಡನ್ನೆಲ್ಲ ತನ್ನ ಜೊತೆದಾರ ಸೋಮಕುಮಾರನ ಮನೆಗೆ ಕೊಡುತ್ತಾಳಂತೆ. ಹುಡುಗ ಒಳ್ಳೆಯವನು. ಬಂದಾಗಲೆಲ್ಲ ನನ್ನ ಕಾಲು ಮುಟ್ಟಿ, ಜೋಪಡಿಗೆ ನೀರು ಚಿಮುಕಿಸಿ ಹೋಗುತ್ತಾನೆ. ಅದೇ ನನ್ನ ಹೆದರಿಕೆ.

ಉಳಿಕೆ ಸಾಲಿನಲ್ಲಿ ನಿನ್ನ ಹೆಸರಲ್ಲೇ ಬರಿ, ನಾನು ಬದುಕಿರುವ ತನಕ ಈ ಮನೆಯಲ್ಲಿ ಇರುವ ಹಕ್ಕು ನನ್ನದು ಅಂತ ಬರಿ ಅಂದೆ. "ಬರೆದ್ರೆ ಅವನ ಮೇಲೆ ನಂಬಿಕೆ ಇಲ್ಲ ಅಂದಂಗಾಗುತ್ತೆ ಅಜ್ಜೀ" ಅಂದಳು. ನಂಬಿಕೆ ಅವನ ಮೇಲಿರಲಿ ಕಣೇ, ಬರಹ ಕಾಗದದ ಮೇಲಿರಲಿ, ಎರಡಕ್ಕೂ ಜಾಗ ಬೇರೆ ಅಂದೆ. ಅವಳು ತಲೆ ಎತ್ತಿ ನನ್ನ ತಗಡು ನೋಡಿದಳು.

ನಿನ್ನೆ ಬಂದಳು, ತುಂಬಿದ ಫಾರಮ್ಮು ತಂದಳು. ಮುಖ ಹಬ್ಬದ ಹಾಗಿತ್ತು. ಓದು ಅಜ್ಜೀ ಅಂದಳು. ಉಳಿಕೆ ಸಾಲಿನಲ್ಲಿ, ಚುಕ್ಕಿಗಳ ಮೇಲೇ, ತನ್ನ ಗುಂಡು ಅಕ್ಷರದಲ್ಲಿ ಬರೆದಿದ್ದಳು: ನನ್ನ ಅಜ್ಜಿ ಗಂಗಹನುಮಕ್ಕ ಬದುಕಿರುವ ತನಕ ಅವರಿಗೆ ಒಂದು ಕೋಣೆ. ಸೋಮಕುಮಾರ ಒಪ್ಪಿದ್ದಾನಂತೆ, ಸಂತೋಷದಿಂದ ಒಪ್ಪಿ ಬೆಳಕುಬಾವಿಯ ಪಕ್ಕದ ಕೋಣೆಯನ್ನೇ ಕೊಡೋಣ ಅಂದನಂತೆ.

ಸುಳ್ಳು ಯಾಕೆ ಹೇಳಲಿ ತೇಜಾವತಿ. ಆ ಫಾರಮ್ಮನ್ನು ಮಡಿಲಲ್ಲಿ ಇಟ್ಟುಕೊಂಡೆ. ಚಾಪೆ ಯಾವ ಗೋಡೆಗೆ ಹಾಸುವುದು ಅಂತ ಯೋಚಿಸಿದೆ. ಹೊಸ ಡಬ್ಬಿ ತಂದು ಗಿಡದ ಒಂದು ಮರಿ ಕಿತ್ತು ನೆಡಬಹುದು ಅಂತ ಯೋಚಿಸಿದೆ. ನೂರ ಹನ್ನೆರಡು ಮೆಟ್ಟಿಲು ಇರುವುದಿಲ್ಲ, ತಗಡು ಇರುವುದಿಲ್ಲ, ದಮಯಂತಿಯ ಮಗ ಗೋಡೆಗೆ ಒತ್ತಿಕೊಳ್ಳುವುದನ್ನು ನೋಡುವ ಕೆಲಸ ಇರುವುದಿಲ್ಲ. ಈ ಎಪ್ಪತ್ತೊಂಬತ್ತಕ್ಕೆ ತಣ್ಣಗಿನ ಕಲ್ಲುಗೋಡೆಗೆ ಬೆನ್ನು ಕೊಡುವುದು ಅಂದರೆ ಏನು ಅಂತ ನಿನಗೆ ಗೊತ್ತಿಲ್ಲ. ಬೆಳ್ಳಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ಆ ಸಾಲನ್ನು ಇನ್ನೊಂದು ಸಲ ಓದಿದೆ. ನಾನು ಇನ್ನೆಷ್ಟು ವರ್ಷ, ನಾಲ್ಕೋ ಐದೋ. ನಾನು ಹೋದ ದಿನ ಆ ಸಾಲೂ ನನ್ನ ಜೊತೆ ಗುಂಡಿಗೆ ಹೋಗುತ್ತದೆ. ಆಮೇಲೆ ಆ ಮನೆಯಲ್ಲಿ ಅವಳು ಯುಗಾದಿಯಿಂದ ಯುಗಾದಿಗೆ. ಅವನು ಪೆನ್ನು ಗಾಳಿಯಲ್ಲಿ ಹಿಡಿದು ಹಾಕ್ಲಾ ಬೇಡ್ವಾ ಅನ್ನುತ್ತಾನೆ, ಅವಳು ನಗುತ್ತಾಳೆ. ನಾನು ಗಿಡ ಬರೆದೆ, ಇವಳು ಅಜ್ಜಿ ಬರೆದಳು. ನಾನು ಅಂತ ಬರೆಯುವುದಕ್ಕೆ ನಮ್ಮ ಕೈಗೆ ಏನು ಲಕ್ವ ಹೊಡೆದಿದೆಯೋ ಕಾಣೆ.

ಅವಳ ಪೆನ್ನನ್ನೇ ಕಿತ್ತುಕೊಂಡು ನನ್ನ ಕೋಣೆಯ ಮೇಲೆ ಅಡ್ಡಗೆರೆ ಎಳೆದೆ. ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ. ಈ ಜನ್ಮದಲ್ಲಿ ಎಳೆದ ಮೊದಲ ಗೆರೆ, ನಡುಗಲಿಲ್ಲ.

ಬೆಳ್ಳಿ ಅತ್ತಳು. "ನಿನಗೆ ಕೊಟ್ರೂ ತಪ್ಪು, ಕೊಡದಿದ್ರೂ ತಪ್ಪು. ಅವನಿಗೆ ಏನಂತ ಹೇಳಲಿ, ಅಜ್ಜಿ ನಿನ್ನ ನಂಬಲಿಲ್ಲ ಅಂತಲಾ" ಅಂದಳು. ಹಾಗೇ ಹೇಳು, ನನಗೇನು ಅವನ ಜೊತೆ ಸಂಸಾರ ಮಾಡೋದಿದೆಯಾ ಅಂದೆ. ಗೆರೆ ಬಿದ್ದ ಫಾರಮ್ಮು ಮಡಚಿಕೊಂಡು, ಮಾಡಿಟ್ಟ ಮುದ್ದೆ ಮುಟ್ಟದೆ ಹೋದಳು. ಗುರುವಾರ ಕಿಟಕಿಯಲ್ಲಿ ಹೊಸ ಫಾರಮ್ಮು ಕೊಡುತ್ತಾರೆ. ಅದರಲ್ಲಿ ಏನು ಬರೆಯುತ್ತಾಳೋ ನನಗೆ ಗೊತ್ತಿಲ್ಲ. ಹುಡುಗಿ ಕೋಪದಲ್ಲಿದ್ದಾಳೆ, ಅವಮಾನದಲ್ಲಿದ್ದಾಳೆ. ಚುಕ್ಕಿಗಳು ತಯಾರಾಗಿ ಕಾಯುತ್ತಿರುತ್ತವೆ. ಅಂಥ ಹೊತ್ತಿನಲ್ಲಿ ಪೆನ್ನು ತನ್ನಷ್ಟಕ್ಕೆ ಚುಕ್ಕಿಗಳ ಮೇಲೆ ಓಡಿಬಿಡುತ್ತದೆ.

ಅದಕ್ಕೇ ನಿನ್ನ ಹತ್ತಿರ ಬಂದಿದ್ದೇನೆ. ನೀನು ಇನ್ನೂ ಸಹಿ ಹಾಕಿಲ್ಲ. ನಿನ್ನ ಪತ್ರದ ತಾರೀಖು ನೋಡಿ, ಅದಕ್ಕೆ ಹತ್ತು ದಿನ ಮೊದಲು ಮುಟ್ಟುವ ಹಾಗೆ ಸ್ಟಾಂಪು ಅಂಟಿಸಿದ್ದೇನೆ. ದುಡ್ಡು ಕೊಡಬೇಡ ಅಂತ ನಾನು ಹೇಳುವುದಿಲ್ಲ. ಕೊಡುವ ಮನಸ್ಸಿದ್ದವಳನ್ನು ತಡೆದವರಿಲ್ಲ, ನಾನೂ ತಡೆಯಿಸಿಕೊಳ್ಳಲಿಲ್ಲ. ಅವನ ಹೆಸರಿಗೇ ಮನೆ ಇರಲಿ, ಬ್ಯಾಂಕಿನವರು ಹೇಳಿದ ಕಡೆಯಲ್ಲೆಲ್ಲ ಸಹಿ ಹಾಕು. ಕೊನೆಯ ಖಾಲಿ ಸಾಲಿಗೆ ಬಂದಾಗ ಮಾತ್ರ ನಿಲ್ಲು. ಅಲ್ಲಿ ಒಂದು ಸಾಲು ಬರಿ, ನಿನ್ನ ಹೆಸರಲ್ಲಿ, ನಿನಗೋಸ್ಕರ. ಬ್ಯಾಂಕಿನವರು ಒಪ್ಪಲಿ ಬಿಡಲಿ, ಅವರು ತಕರಾರು ಮಾಡಿದರೆ ಮಾಡಲಿ, ಅವನ ಮುಖ ಸಣ್ಣದಾದರೆ ಆಗಲಿ. ಒಂದು ದಿನ ಸಣ್ಣದಾಗುವ ಮುಖ ಮೂವತ್ತೈದು ವರ್ಷದ ತಮಾಷೆಗಿಂತ ಅಗ್ಗ. ಬರೆದ ಮೇಲೂ ಜಾಗ ಉಳಿದರೆ, ಆಗ ಬೇಕಾದರೆ ನಿಮ್ಮಪ್ಪ ಹೇಳಿದ ಹಾಗೆ ಗೆರೆ ಎಳೆದುಕೋ.

ನೀನು ಉತ್ತರ ಬರೆಯುವುದು ಬೇಡ. ಗುರುವಾರ ನಾನು ಮೆಟ್ಟಿಲಿಳಿದು ನೋಂದಣಿಮನೆಗೆ ಹೋಗುತ್ತೇನೆ, ಬೆಳ್ಳಿ ಬಾ ಅನ್ನದಿದ್ದರೂ ಹೋಗುತ್ತೇನೆ. ಕಿಟಕಿಯಲ್ಲಿ ಅವಳ ಕೈಗೆ ಕೊಡುವ ಫಾರಮ್ಮನ್ನು ಭುಜದ ಹಿಂದಿನಿಂದ ನೋಡುತ್ತೇನೆ. ಉಳಿಕೆ ಸಾಲಿನಲ್ಲಿ ಚುಕ್ಕಿಗಳು ಇದ್ದರೆ ಕಾಗದ ತಲುಪಲಿಲ್ಲ, ಅಥವಾ ತಲುಪಿಯೂ ನಿನಗೆ ನಾಚಿಕೆಯಾಯಿತು. ಚುಕ್ಕಿಗಳು ಇಲ್ಲದಿದ್ದರೆ ಅದೇ ಉತ್ತರ ಅಂತ ತಿಳಿಯುತ್ತೇನೆ.

ಹನ್ನೆರಡೂವರೆ ಆಯಿತು. ಹದಿನಾಲ್ಕನೇ ಮನೆಯಲ್ಲಿ ತಟ್ಟೆ ಹಾಕುವ ಹೊತ್ತು, ನಾನು ಇಳಿಯಬೇಕು. ಈ ಹಾಳೆಯ ಕೆಳಗೆ ಅರ್ಧ ಜಾಗ ಉಳಿದಿದೆ. ಗೆರೆ ಎಳೆಯದೆ ಹಾಗೇ ಬಿಟ್ಟಿದ್ದೇನೆ. ನಿನ್ನ ಸಾಲನ್ನು ಮೊದಲು ಇಲ್ಲಿ ಬರೆದು ಕೈ ಪಳಗಿಸಿಕೋ.

ಇಂತಿ,
ಗಂಗಹನುಮಕ್ಕ,
ಏಳನೇ ಕ್ವಾರಿ, ಹದಿನಾಲ್ಕನೇ ಮನೆಯ ಕರಿಬೇವಿನ ಗಿಡಕ್ಕೆ ದಾರಿ ಸಮೇತ ಹಕ್ಕುದಾರಳು.